ಗುಡ್ಡದ ಮೇಲೆ ಮೂರು ರೆಕ್ಕೆ, ಪುಸ್ತಕದಲ್ಲಿ ನಾಲ್ಕು

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿರುವ ಹಳ್ಳಿಗಳು ಹಲವು. ಆ ಸೀಮೆಯಲ್ಲಿ ತಲೆಯೆತ್ತಿ ನೋಡಿದರೆ ಬೋಳು ದಿಬ್ಬಗಳ ನೆತ್ತಿಯ ಮೇಲೆ ಬಿಳಿಯ ಗಾಳಿಯಂತ್ರಗಳು ಸಾಲಾಗಿ ನಿಂತು ತಿರುಗುವುದು ಕಾಣುತ್ತದೆ. ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ರಾಯದುರ್ಗ ಉರವಕೊಂಡಗಳ ಕಡೆ ಸಾಗುವವರಿಗೂ ಇದೇ ನೋಟ. ಅಲ್ಲಿನ ಮಕ್ಕಳಿಗೆ ಗಾಳಿಯಂತ್ರವೆಂದರೆ ದೂರದ ಅಚ್ಚರಿಯಲ್ಲ; ಬೇವಿನ ಮರದಂತೆ, ನೀರಿನ ಟಾಕಿಯಂತೆ, ಹುಟ್ಟಿದಂದಿನಿಂದ ಕಣ್ಣೆದುರು ಇರುವ ವಸ್ತು. ಆದರೂ ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ “ಗಾಳಿಯಂತ್ರದ ಚಿತ್ರ ಬಿಡಿಸಿರಿ” ಎಂದು ಹೇಳಿ ನೋಡಬೇಕು. ಹಾಳೆಯ ಮೇಲೆ ಮೂಡುವುದು ಬಹುಮಟ್ಟಿಗೆ ಬೇರೆಯದೇ ವಸ್ತು: ಕೆಳಗೆ ಅಗಲ, ಮೇಲೆ ಕಿರಿದಾದ ಒಂದು ಗೋಪುರ, ಅದಕ್ಕೊಂದು ಬಾಗಿಲು, ಎರಡು ಕಿಟಕಿ, ಮೇಲೊಂದು ಟೊಪ್ಪಿಗೆ, ಎದುರಿಗೆ ಗುಣಾಕಾರದ ಚಿಹ್ನೆಯಂತೆ ನಾಲ್ಕು ರೆಕ್ಕೆ, ಪ್ರತಿ ರೆಕ್ಕೆಯ ಮೇಲೂ ಚೌಕಳಿ ಗೆರೆ. ಪಕ್ಕದಲ್ಲಿ ಕೆಂಪು ಹೂಗಳ ಸಾಲು. ಅದು ಹಾಲೆಂಡಿನ ಗಾಳಿಗಿರಣಿ. ಬಿಡಿಸಿದ ಮಗು ಅದನ್ನು ಎಂದೂ ಕಂಡಿಲ್ಲ. ದಿನವೂ ಕಾಣುವ ಮೂರು ರೆಕ್ಕೆಯ ಯಂತ್ರ ಕಿಟಕಿಯಾಚೆ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ.

ಮಗುವಿನ ತಪ್ಪು ಇದರಲ್ಲಿ ಏನೂ ಇಲ್ಲ. ಅಂಗಡಿಯಲ್ಲಿ ದೊರೆಯುವ ಚಿತ್ರಕಲೆಯ ಪುಸ್ತಕ, ಬಣ್ಣ ತುಂಬುವ ಪುಸ್ತಕ, ಮೊಬೈಲಿನ ಆಟ, ಎಲ್ಲ ಕಡೆಯೂ ಗಾಳಿಯಂತ್ರವೆಂದರೆ ನಾಲ್ಕು ರೆಕ್ಕೆಯದೇ. “ಚಿತ್ರ” ಎಂಬುದು ಪುಸ್ತಕದಿಂದ ಬರುವಂಥದು, ಗುಡ್ಡದ ಮೇಲಿರುವುದು ಬರೀ ಗುಡ್ಡದ ಮೇಲಿನದು ಎಂಬ ತೀರ್ಮಾನಕ್ಕೆ ಮಗು ಸದ್ದಿಲ್ಲದೆ ಬಂದುಬಿಟ್ಟಿರುತ್ತದೆ. ಮನೆಯ ಮುಂದಿನ ಬೇಲಿ ಬಿಟ್ಟು ಮಂಜಿನ ಶಿಖರಗಳ ನಡುವೆ ಸೂರ್ಯ ಹುಟ್ಟುವ ಚಿತ್ರ ಬರೆಯುವುದೂ ಇದೇ ಅಭ್ಯಾಸದ ಫಲ. ಕಂಡದ್ದನ್ನು ಕಂಡಂತೆ ಬರೆದ ಒಂದು ಮಗುವಿಗೆ “ಇದೇನು, ಕಡ್ಡಿಗೆ ಮೂರು ಗೆರೆ? ಪುಸ್ತಕ ನೋಡಿ ಬರೆ” ಎಂದು ಒಬ್ಬರು ಹಿರಿಯರು ಹೇಳಿದರೂ ಸಾಕು, ಆ ಮಗು ಮುಂದಿನ ಸಲ ಕಿಟಕಿಯಾಚೆ ನೋಡುವುದಿಲ್ಲ. ಗಾಳಿಯಂತ್ರದ ಚಿತ್ರ ಕಲಿಸುವುದರಲ್ಲಿ ಅಡಗಿರುವ ಪ್ರಶ್ನೆ ಇಷ್ಟು ದೊಡ್ಡದು.

ಹೆಸರಿನಿಂದಲೇ ಪಾಠ ಆರಂಭಿಸಬಹುದು. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಈ ವಸ್ತುವಿಗೆ ಒಂದಲ್ಲ, ಎರಡು ಮೂರು ಹೆಸರು ಗೊತ್ತಿರುತ್ತವೆ. ಈ ಸಂಪತ್ತು ಬೇರೆಯವರಿಗೆ ಇಲ್ಲ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳಲ್ಲಿ ಮರಾಠಿಯ ‘ಪವನಚಕ್ಕಿ’ ಕಿವಿಗೆ ಬಿದ್ದಿರುತ್ತದೆ. ಚಕ್ಕಿ ಎಂದರೆ ಬೀಸುವ ಕಲ್ಲು. ಗುಡ್ಡದ ಮೇಲಿನ ಯಂತ್ರ ಒಂದು ಹಿಡಿ ಜೋಳವನ್ನೂ ಬೀಸುವುದಿಲ್ಲ, ಆದರೂ ಹೆಸರು ಹಳೆಯ ಕಸುಬನ್ನು ಬಿಟ್ಟಿಲ್ಲ. ತಮಿಳಿನ ‘ಕಾಟ್ರಾಲೈ’ ಎಂಬುದರಲ್ಲಿಯೂ ಗಾಳಿಯ ಜೊತೆಗೆ ಆಲೆ ಇದೆ, ಅಂದರೆ ಗಿರಣಿ. ತೆಲುಗಿನವರು ‘ಗಾಲಿಮರ’ ಎನ್ನುತ್ತಾರೆ. ಅವರಿಗೆ ಮರ ಎಂದರೆ ಯಂತ್ರ; ಆದರೆ ರಾಯದುರ್ಗದ ಕನ್ನಡದ ಮಗುವಿನ ಕಿವಿಗೆ ಅದು ಗಾಳಿಯ ಮರವೆಂದೇ ಕೇಳಿಸುತ್ತದೆ. ಕೇಳಿಸಿದರೆ ನಷ್ಟವೇನು? ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ, ತುದಿಯಲ್ಲಿ ಕೊಂಬೆ. ಚಿತ್ರ ಬಿಡಿಸುವವನಿಗೆ ಇಷ್ಟು ಒಳ್ಳೆಯ ಸೂಚನೆ ಬೇರೆ ಯಾವ ಹೆಸರಿನಲ್ಲಿಯೂ ಇಲ್ಲ. ಇನ್ನು ಮನೆಯ ಹಿರಿಯರು ಎಷ್ಟೋ ಕಡೆ ಬರೀ ‘ಫ್ಯಾನು’ ಎಂದುಬಿಡುತ್ತಾರೆ. ಅಲ್ಲಿ ಮಾತ್ರ ಒಂದು ಕ್ಷಣ ನಿಲ್ಲಬೇಕು. ಮನೆಯ ಫ್ಯಾನು ವಿದ್ಯುತ್ತನ್ನು ತಿಂದು ಗಾಳಿ ಕೊಡುತ್ತದೆ. ಗುಡ್ಡದ ಮೇಲಿನದು ಗಾಳಿಯನ್ನು ತಿಂದು ವಿದ್ಯುತ್ತು ಕೊಡುತ್ತದೆ. ಕೆಲಸ ತಿರುವುಮುರುವಾದುದರಿಂದ ರೆಕ್ಕೆಯ ಆಕಾರವೂ ಬೇರೆಯಾಗಿದೆ. ಅದು ಮುಂದಿನ ಮಾತು.

ಹಾಗೆಂದು ನಾಲ್ಕು ರೆಕ್ಕೆಯ ಗಿರಣಿಯನ್ನು ತರಗತಿಯಿಂದ ಹೊರಗಟ್ಟಬೇಕಾಗಿಲ್ಲ. ಅದು ಸುಂದರವಾದ ವಸ್ತು, ಅದಕ್ಕೂ ತನ್ನದೇ ಊರಿದೆ. ಹಾಲೆಂಡಿನ ಬಹಳಷ್ಟು ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಅಲ್ಲಿ ಒಡ್ಡು ಕಟ್ಟಿ, ಒಳಗಿನ ನೀರನ್ನು ಎತ್ತಿ ಹೊರಗೆ ಹಾಕದಿದ್ದರೆ ಹೊಲವೂ ಇಲ್ಲ, ಊರೂ ಇಲ್ಲ. ಆ ನೀರೆತ್ತುವ ಕೆಲಸವನ್ನು ಶತಮಾನಗಳ ಕಾಲ ಗಾಳಿಯಿಂದ ಮಾಡಿಸಿದರು. ಕಿಂಡರ್‌ಡೈಕ್ ಎಂಬಲ್ಲಿ ಇಂಥ 19 ಗಿರಣಿಗಳು ಇಂದಿಗೂ ಕಾಲುವೆಯ ದಡದಲ್ಲಿ ನಿಂತಿವೆ. ಹೆಚ್ಚಿನವು 1738 ಮತ್ತು 1740ರಲ್ಲಿ ಕಟ್ಟಿದವು. 1997ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇರೆ ಕಡೆಯ ಗಿರಣಿಗಳು ಹಿಟ್ಟು ಬೀಸಿದವು, ಎಣ್ಣೆ ತೆಗೆದವು, ಮರ ಕೊಯ್ದವು.

ಗಮನಿಸಬೇಕಾದ ಸಂಗತಿಯೆಂದರೆ, ಪುಸ್ತಕದ ಚಿತ್ರ ಈ ಹಾಲೆಂಡಿನ ಗಿರಣಿಗೂ ನಿಷ್ಠವಾಗಿಲ್ಲ. ನಿಜವಾದ ಗಿರಣಿಯಲ್ಲಿ ನಾಲ್ಕು ಬಿಡಿ ರೆಕ್ಕೆಗಳಿಲ್ಲ. ಎರಡು ಉದ್ದನೆಯ ತೊಲೆಗಳು ಅಚ್ಚಿನ ತಲೆಯಲ್ಲಿ ಒಂದನ್ನೊಂದು ದಾಟುತ್ತವೆ, ಆದ್ದರಿಂದಲೇ ರೆಕ್ಕೆ ನಾಲ್ಕು. ತೊಲೆಯ ಒಂದು ಪಕ್ಕಕ್ಕೆ ಅಗಲವಾದ ಮರದ ಹಂದರ, ಇನ್ನೊಂದು ಪಕ್ಕಕ್ಕೆ ಕಿರಿದಾದ ಹಲಗೆ. ಪುಸ್ತಕದವರು ಎರಡು ಕಡೆಗೂ ಸಮನಾಗಿ ಚೌಕಳಿ ಎಳೆದು ಕೈತೊಳೆದುಕೊಳ್ಳುತ್ತಾರೆ. ಆ ಚೌಕಳಿ ಅಲಂಕಾರಕ್ಕೆ ಇದ್ದದ್ದಲ್ಲ. ಅದರ ಮೇಲೆ ಹಾಯಿಬಟ್ಟೆ ಹರಡುತ್ತಿದ್ದರು: ಗಾಳಿ ಮಂದವಾದರೆ ಪೂರ್ತಿ ಬಿಚ್ಚುವುದು, ಬಿರುಸಾದರೆ ಸುತ್ತಿಡುವುದು. ಬಟ್ಟೆ ಕಟ್ಟಲು ಕೈಗೆ ಎಟುಕಬೇಕಲ್ಲ, ಅದಕ್ಕಾಗಿ ನೆಲದ ಮೇಲಿನ ಗಿರಣಿಗಳಲ್ಲಿ ರೆಕ್ಕೆಯ ತುದಿ ಹೆಚ್ಚುಕಡಿಮೆ ನೆಲಕ್ಕೆ ಬರುತ್ತದೆ. ಎತ್ತರದ ಗಿರಣಿಗಳಲ್ಲಿ ನಡುವೆ ಸುತ್ತುಜಗಲಿ ಇರುತ್ತದೆ. ಮೇಲಿನ ಟೊಪ್ಪಿಗೆ ಗಾಳಿ ಬೀಸಿದತ್ತ ತಿರುಗುವಂಥದು. ಅದನ್ನು ತಿರುಗಿಸಲು ಹಿಂಬದಿಯಲ್ಲಿ ಉದ್ದನೆಯ ಬಾಲದ ತೊಲೆ. ಪುಸ್ತಕದ ಗಿರಣಿಗೆ ಬಾಲವೇ ಇಲ್ಲ. ಹಾಗಿದ್ದರೆ ಗಾಳಿ ದಿಕ್ಕು ಬದಲಿಸಿದ ದಿನ ಆ ಗಿರಣಿಯವನು ಏನು ಮಾಡಬೇಕು ಎಂದು ಮಕ್ಕಳನ್ನೇ ಕೇಳಬಹುದು.

ಆ ನಾಡಿನಲ್ಲಿ ನಿಂತ ರೆಕ್ಕೆಯೂ ಮಾತನಾಡುತ್ತಿತ್ತು. ಮೇಲಿನ ರೆಕ್ಕೆ ನೆತ್ತಿಗೆ ಬರಲು ಇನ್ನೂ ಸ್ವಲ್ಪ ಇರುವಾಗಲೇ ನಿಲ್ಲಿಸಿದ್ದರೆ ಮನೆಯಲ್ಲಿ ಸಂತೋಷದ ಸಮಾಚಾರ. ನೆತ್ತಿಯನ್ನು ದಾಟಿದ ಮೇಲೆ ನಿಲ್ಲಿಸಿದ್ದರೆ ಸಾವಿನ ಶೋಕ. ದೂರದ ಹೊಲದಲ್ಲಿರುವವನು ಗಿರಣಿಯತ್ತ ಒಮ್ಮೆ ನೋಡಿ ವಿಷಯ ತಿಳಿದುಕೊಳ್ಳುತ್ತಿದ್ದ. ಒಂದು ಗೆರೆ ಎಡಕ್ಕೆ ವಾಲಿತೇ ಬಲಕ್ಕೆ ವಾಲಿತೇ ಎಂಬುದರಲ್ಲಿ ಅರ್ಥವೇ ಬದಲಾಗುತ್ತದೆಯೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ರೆಂಬ್ರಾಂಟ್ ಎಂಬ ಮಹಾ ಚಿತ್ರಕಾರ 1606ರಲ್ಲಿ ಲೈಡನ್ ನಗರದಲ್ಲಿ ಹುಟ್ಟಿದ್ದು ಗಿರಣಿಯವನ ಮಗನಾಗಿ. 1641ರಲ್ಲಿ ಅವನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚುಹಾಕಿದ ಗಾಳಿಗಿರಣಿಯ ಚಿತ್ರವನ್ನು ನೋಡಿದವರಿಗೆ ಅದು ತನ್ನ ಊರಿನ ವಸ್ತುವನ್ನು ಹತ್ತಿರದಿಂದ ಬಲ್ಲವನ ಕೆಲಸವೆಂದು ಕೂಡಲೇ ತಿಳಿಯುತ್ತದೆ. ಮುಂದೆ ಚೌಕಗಳಿಗೂ ನೇರ ಗೆರೆಗಳಿಗೂ ಹೆಸರಾದ ಮೊಂಡ್ರಿಯಾನ್ ಕೂಡ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತನ್ನ ನಾಡಿನ ಗಿರಣಿಗಳನ್ನು ಮತ್ತೆ ಮತ್ತೆ ಬರೆದ. ಅವರಿಬ್ಬರೂ ಬರೆದದ್ದು ತಮ್ಮ ಬಯಲಿನಲ್ಲಿ ಕಂಡದ್ದನ್ನು. ಜತ್ತದ ಮಗು ಅವರಂತೆ ಬರೆಯಬೇಕಾದರೆ ನಾಲ್ಕು ರೆಕ್ಕೆ ಬರೆಯಬಾರದು, ಮೂರು ಬರೆಯಬೇಕು. ಇರಾನಿನ ಈಶಾನ್ಯದ ನಷ್ತೀಫಾನ್ ಎಂಬ ಊರಿನ ಮಗುವಾದರೆ ಇನ್ನೂ ಬೇರೆ: ಅಲ್ಲಿಯ ಹಳೆಯ ಗಿರಣಿಗಳ ಅಚ್ಚು ನೆಟ್ಟಗೆ ನಿಂತಿದೆ, ಮರದ ಹಲಗೆಗಳು ಮಣ್ಣಿನ ಗೋಡೆಗಳ ನಡುವೆ ಬಾಗಿಲು ತಿರುಗಿದಂತೆ ತಿರುಗುತ್ತವೆ.

ಇನ್ನು ಗುಡ್ಡದ ಮೇಲಿನ ಯಂತ್ರಕ್ಕೆ ಬರೋಣ. ನಮ್ಮ ದೇಶಕ್ಕೆ ಅದು ಹಳೆಯ ನೆಂಟನಲ್ಲ. ಗಾಳಿಯಿಂದ ವಿದ್ಯುತ್ತು ತೆಗೆಯುವ ಮೊದಲ ಯಂತ್ರಸಮೂಹಗಳು 1986ರಲ್ಲಿ ಗುಜರಾತಿನ ಓಖಾ, ಮಹಾರಾಷ್ಟ್ರದ ರತ್ನಾಗಿರಿ, ತಮಿಳುನಾಡಿನ ತೂತ್ತುಕುಡಿಗಳ ಕರಾವಳಿಯಲ್ಲಿ ಬಂದವು. ಒಳನಾಡಿನ ದಿಬ್ಬಗಳಿಗೆ ಆಮೇಲೆ ಹತ್ತಿದವು. ಅಂದರೆ ಇಂದಿನ ಮಕ್ಕಳ ಅಜ್ಜ ಅಜ್ಜಿಯರು ಬೋಳು ಗುಡ್ಡವನ್ನೇ ನೋಡಿ ಬೆಳೆದವರು. ಅವರನ್ನು ಕೇಳಿ, ಯಂತ್ರ ಬರುವ ಮೊದಲಿನ ಗುಡ್ಡವನ್ನು ಒಂದು ಹಾಳೆಯಲ್ಲಿ ಬರೆಸುವುದೂ ಒಳ್ಳೆಯ ಪಾಠವೇ.

ಪೆನ್ಸಿಲ್ ಕೈಗೆ ಕೊಡುವ ಮೊದಲು ಹತ್ತು ನಿಮಿಷ ಬರೀ ನೋಡಿಸಬೇಕು. ಒಂದು ಸುತ್ತಿಗೆ ಎಷ್ಟು ಹೊತ್ತು? ಒಂದು, ಎರಡು ಎಂದು ಎಣಿಸಿದರೆ ದೊಡ್ಡ ಯಂತ್ರಗಳಲ್ಲಿ ನಾಲ್ಕೈದು ಸೆಕೆಂಡು ಆಗಬಹುದು. ಎಷ್ಟು ನಿಧಾನ ಎಂದು ಮಕ್ಕಳು ನಗುತ್ತಾರೆ. ಆಗ ಲೆಕ್ಕಕ್ಕೆ ಕೂರಿಸಬೇಕು. ರೆಕ್ಕೆ 40 ಮೀಟರ್ ಉದ್ದವಿದ್ದರೆ ಅದರ ತುದಿ ಒಂದು ಸುತ್ತಿನಲ್ಲಿ ಸುಮಾರು 250 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡಿಗೆ 250 ಮೀಟರ್ ಎಂದರೆ ಗಂಟೆಗೆ 225 ಕಿಲೋಮೀಟರ್. ಸೋಮಾರಿಯಂತೆ ಕಾಣುವ ಆ ತುದಿ ಎಕ್ಸ್‌ಪ್ರೆಸ್ ರೈಲನ್ನು ಹಿಂದಿಕ್ಕುತ್ತದೆ.

ಯಾವ ಕಡೆಗೆ ತಿರುಗುತ್ತದೆ ಎಂಬ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಇಂದಿನ ದೊಡ್ಡ ಯಂತ್ರಗಳು ಗಾಳಿ ಬರುವ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಆಷಾಢದ ಗಾಳಿ ಪಡುವಣದಿಂದ ಬೀಸುವಾಗ ಯಂತ್ರಗಳೆಲ್ಲ ಪಡುವಣಕ್ಕೆ ಮುಖಮಾಡಿ ನಿಲ್ಲುತ್ತವೆ. ಗುಡ್ಡದ ಪಡುವಣಕ್ಕಿರುವ ಹಳ್ಳಿಯ ಹುಡುಗನಿಗೆ ಅದು ಬಲಸುತ್ತು. ಮೂಡಣದ ಹಳ್ಳಿಯವಳಿಗೆ ಯಂತ್ರದ ಬೆನ್ನು ಕಾಣುವುದರಿಂದ ಎಡಸುತ್ತು. ಇಬ್ಬರೂ ಒಂದೇ ಪ್ರೌಢಶಾಲೆಗೆ ಬರುವವರಾದರೆ ಜಗಳ ಖಂಡಿತ, ಇಬ್ಬರ ಮಾತೂ ನಿಜ. ಪುಷ್ಯದ ಹೊತ್ತಿಗೆ ಗಾಳಿ ಮೂಡಣದ ಕಡೆಯಿಂದ ಬರತೊಡಗಿದರೆ ಯಂತ್ರದ ತಲೆ ತಿರುಗಿ ನಿಂತು, ಆ ಜಗಳದ ಪಕ್ಷಗಳೂ ಅದಲುಬದಲಾಗುತ್ತವೆ. ಆದುದರಿಂದ ಈ ಚಿತ್ರವನ್ನು ವರ್ಷಕ್ಕೆ ಒಮ್ಮೆ ಬರೆಸಿದರೆ ಸಾಲದು. ಆಷಾಢದಲ್ಲಿ ಒಂದು, ಪುಷ್ಯದಲ್ಲಿ ಒಂದು, ಎರಡಕ್ಕೂ ತಿಂಗಳು ಬರೆದು ಗೋಡೆಗೆ ತೂಗುಹಾಕಬೇಕು.

ಚಿತ್ರವನ್ನು ಗುಡ್ಡದಿಂದ ಆರಂಭಿಸುವುದು ಒಳ್ಳೆಯದು. ಇಲ್ಲಿ ಚಿಕ್ಕ ಮಕ್ಕಳ ಕೈಯಿಂದ ಒಂದು ವಿಚಿತ್ರ ನಡೆಯುತ್ತದೆ: ಇಳಿಜಾರಿನ ಮೇಲೆ ನಿಲ್ಲಿಸಿದ ಕಂಬ ಆಕಾಶದ ಕಡೆ ನೆಟ್ಟಗೆ ಹೋಗುವುದಿಲ್ಲ, ಇಳಿಜಾರಿಗೆ ಲಂಬವಾಗಿ ಹೊರಕ್ಕೆ ವಾಲುತ್ತದೆ. ಗುಡ್ಡದ ಎಡಗಡೆಯ ಯಂತ್ರಗಳು ಎಡಕ್ಕೆ, ಬಲಗಡೆಯವು ಬಲಕ್ಕೆ, ಮುಳ್ಳುಹಂದಿಯ ಮುಳ್ಳಿನಂತೆ. ಇದು ನಮ್ಮ ಮಕ್ಕಳ ದಡ್ಡತನವಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿಗಳಾದ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್ಹೆಲ್ಡರ್ ಅವರು ಮಕ್ಕಳ ಅವಕಾಶಕಲ್ಪನೆಯ ಬಗ್ಗೆ 1948ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥದೇ ಚಿತ್ರಗಳನ್ನು ಚರ್ಚಿಸಿದ್ದಾರೆ. ಇಳಿಜಾರು ಮಾಡಿನ ಹೊಗೆಗೂಡನ್ನೂ ಗುಡ್ಡದ ಮೇಲಿನ ಮರವನ್ನೂ ಅಲ್ಲಿಯ ಮಕ್ಕಳು ಹೀಗೆಯೇ ವಾಲಿಸಿ ಬರೆಯುತ್ತಿದ್ದರು. ಮಗು ಹತ್ತಿರದ ಗೆರೆಯನ್ನು ಆಧಾರವಾಗಿ ಹಿಡಿಯುತ್ತದೆ, ದೂರದ ಹಾಳೆಯ ಅಂಚನ್ನು ಹಿಡಿಯಲು ಇನ್ನೂ ಕಲಿತಿರುವುದಿಲ್ಲ. ಬಯ್ದರೆ ಇದು ಸರಿಹೋಗದು. ಗೋಡೆ ಕಟ್ಟುವ ಗೌಂಡಿ ಗುಂಡು ಕಟ್ಟಿದ ದಾರವನ್ನು ಇಳಿಬಿಡುವುದನ್ನು ಮಕ್ಕಳು ನೋಡಿರುತ್ತಾರೆ. ಒಂದು ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ಕಣ್ಣೆದುರು ಹಿಡಿದು, ದೂರದ ಕಂಬಕ್ಕೆ ಹೊಂದಿಸಿ ನೋಡಲು ಹೇಳಬೇಕು. ದಾರ, ಕಂಬ ಒಂದಾಗುತ್ತವೆ. ಗುಡ್ಡ ಎಷ್ಟೇ ವಾಲಲಿ, ಕಲ್ಲು ನೇರ ಕೆಳಕ್ಕೇ ತೂಗುತ್ತದೆ. ಮತ್ತೆ ಹಾಳೆಗೆ ಬಂದಾಗ ಕೈ ತಾನಾಗಿ ತಿದ್ದಿಕೊಳ್ಳುತ್ತದೆ. ಆರು ವರ್ಷದವರ ಕೈ ತಿದ್ದಿಕೊಳ್ಳದಿದ್ದರೆ ಬಿಟ್ಟುಬಿಡಬೇಕು, ಒಂಬತ್ತಕ್ಕೆ ಬರುತ್ತದೆ.

ಅಳತೆಯ ವಿಷಯದಲ್ಲಿ ದೊಡ್ಡವರೂ ಎಡವುತ್ತಾರೆ. ಕಂಬ ಮೋಟು, ರೆಕ್ಕೆ ಪುಟ್ಟದು, ಕೆಳಗೆ ನಿಂತ ಮನುಷ್ಯ ಕಂಬದ ಅರ್ಧಕ್ಕೆ ಬರುವಷ್ಟು ಎತ್ತರ. ಕಂಬ 80 ಮೀಟರ್, ರೆಕ್ಕೆ 40 ಮೀಟರ್ ಎಂದು ಇಟ್ಟುಕೊಂಡು, ಒಂದು ಸೆಂಟಿಮೀಟರಿಗೆ 5 ಮೀಟರ್ ಎಂದು ಹಿಡಿದರೆ ಲೆಕ್ಕ ಸುಲಭ. ಕಂಬ 16 ಸೆಂಟಿಮೀಟರ್, ರೆಕ್ಕೆ 8 ಸೆಂಟಿಮೀಟರ್. ರೆಕ್ಕೆ ಕೆಳಕ್ಕೆ ಬಂದಾಗಲೂ ಅದರ ತುದಿ ಕಂಬದ ನಡುಮಧ್ಯದಲ್ಲಿಯೇ ಉಳಿಯುತ್ತದೆ. ಹಾಲೆಂಡಿನ ಗಿರಣಿಯಂತೆ ನೆಲ ಸವರುವುದಿಲ್ಲ. ಇದೇ ಅಳತೆಯಲ್ಲಿ 10 ಮೀಟರಿನ ಬೇವಿನ ಮರ 2 ಸೆಂಟಿಮೀಟರ್. ಒಂದು ಅಂತಸ್ತಿನ ಶಾಲೆಯ ಕಟ್ಟಡ ಒಂದೇ ಸೆಂಟಿಮೀಟರ್. ಕಂಬದ ಬುಡದಲ್ಲಿರುವ ಬಾಗಿಲು 4 ಮಿಲಿಮೀಟರ್, ಅದರ ಮುಂದೆ ನಿಂತ ಮನುಷ್ಯ 3 ಮಿಲಿಮೀಟರ್, ಅವನ ಕುರಿಗಳು ಬರೀ ಚುಕ್ಕಿ. ಮುಖ್ಯಾಧ್ಯಾಪಕರನ್ನು 3 ಮಿಲಿಮೀಟರಿಗೆ ಇಳಿಸಲು ಸಿಕ್ಕ ಅವಕಾಶವನ್ನು ಯಾವ ತರಗತಿಯೂ ಬಿಡುವುದಿಲ್ಲ.

ಆದರೆ ಇದು ನಕ್ಷೆಯ ಅಳತೆ. ಕಣ್ಣಿನ ಅಳತೆ ಬೇರೆ. ಹತ್ತಿರದ ಬೇವು ದೂರದ ಯಂತ್ರಕ್ಕಿಂತ ಎತ್ತರವಾಗಿಯೇ ಕಾಣುತ್ತದೆ. ಐದನೆಯ ತರಗತಿ ದಾಟಿದವರಿಗೆ ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಅಳೆಯುವ ಕ್ರಮ ಹೇಳಿಕೊಡಬಹುದು. ಮಹಾರಾಷ್ಟ್ರದ ಶಾಲೆಗಳಿಂದ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಚಿತ್ರಕಲಾ ಪರೀಕ್ಷೆಗಳಿಗೆ ಕೂರುವವರಿಗೆ ವಸ್ತುಚಿತ್ರಕ್ಕೂ ಸ್ಮರಣಚಿತ್ರಕ್ಕೂ ಈ ಅಭ್ಯಾಸ ಹೇಗೂ ಬೇಕು.

ಮೂರು ರೆಕ್ಕೆಗಳನ್ನು ಸಮನಾಗಿ ಹಂಚುವುದು ಅಂದಾಜಿಗೆ ಒಗ್ಗುವ ಕೆಲಸವಲ್ಲ. ಕೈವಾರವಿದ್ದರೆ ಬಹಳ ಸುಲಭ. 8 ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ತೆಳುವಾಗಿ ಎಳೆದು, ಕೈವಾರದ ಅಗಲವನ್ನು ಬದಲಿಸದೆ ಪರಿಧಿಯ ಮೇಲೆ ಹೆಜ್ಜೆ ಹಾಕುತ್ತ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಆರಂಭದ ಬಿಂದುವಿಗೇ ಮರಳುತ್ತದೆ. ಒಂದು ಬಿಟ್ಟು ಒಂದು ಬಿಂದುವನ್ನು ಕೇಂದ್ರಕ್ಕೆ ಸೇರಿಸಿದರೆ 120 ಅಂಶಗಳ ಮೂರು ಗೆರೆ ಸಿದ್ಧ. ವೃತ್ತವನ್ನು ಅಳಿಸಿಬಿಡಬಹುದು. ಆರಂಭದ ಬಿಂದು ಎಲ್ಲಿಯಾದರೂ ಇರಲಿ. ಎಲ್ಲರ ಚಿತ್ರದಲ್ಲಿಯೂ ಒಂದು ರೆಕ್ಕೆ ನೆಟ್ಟಗೆ ಮೇಲಕ್ಕೇ ನಿಂತರೆ ಯಂತ್ರ ಕೆಟ್ಟುನಿಂತಂತೆ ತೋರುತ್ತದೆ.

ಗೆರೆಗೆ ಮೈ ತುಂಬುವಾಗ ಮನೆಯ ಫ್ಯಾನು ಅಡ್ಡ ಬರುತ್ತದೆ. ಫ್ಯಾನಿನ ರೆಕ್ಕೆ ತುದಿಯವರೆಗೂ ಅಗಲ. ಗಾಳಿಯಂತ್ರದ ರೆಕ್ಕೆ ಬುಡದ ಹತ್ತಿರ ಅಗಲವಾಗಿದ್ದು ತುದಿಗೆ ಹೋದಂತೆ ಕತ್ತಿಯಂತೆ ಕಿರಿದಾಗುತ್ತದೆ. ತುದಿ ಅತಿ ವೇಗವಾಗಿ ಓಡುವುದರಿಂದ ಅಲ್ಲಿ ಕಿರಿದಾದ ಮೈಯೇ ಸಾಕು. ರೆಕ್ಕೆ ಚಪ್ಪಟೆಯೂ ಅಲ್ಲ. ಒಂದು ಅಂಚು ದುಂಡಗೆ, ಇನ್ನೊಂದು ಅಂಚು ತೆಳುವಾಗಿ, ಉದ್ದಕ್ಕೂ ಸ್ವಲ್ಪ ಹುರಿಗೊಂಡಂತೆ ತಿರುಚಿರುತ್ತದೆ. ಯಂತ್ರ ನೆಡುವ ಕಾಲದಲ್ಲಿ ಉದ್ದನೆಯ ಲಾರಿಯ ಮೇಲೆ ಒಂದೊಂದೇ ರೆಕ್ಕೆ ಬರುವುದನ್ನು, ಊರ ತಿರುವಿನಲ್ಲಿ ಲಾರಿ ಹಿಂದುಮುಂದಾಗುವುದನ್ನು ನೋಡಿದ ಮಕ್ಕಳಿಗೆ ಈ ಆಕಾರವನ್ನು ವಿವರಿಸಬೇಕಾಗಿಲ್ಲ. ಮೇಲೆ ನೋಡಿದಾಗ ಕಡ್ಡಿಯಂತಿದ್ದದ್ದು ನೆಲಕ್ಕೆ ಬಂದಾಗ ಇಡೀ ಓಣಿಗಿಂತ ಉದ್ದವಾಗಿತ್ತೆಂದು ಅವರೇ ಹೇಳುತ್ತಾರೆ.

ರೆಕ್ಕೆಗಳು ಕೂಡುವಲ್ಲಿ ಒಂದು ಮೂತಿ, ಅದರ ಹಿಂದೆ ಕಂಬದ ತಲೆಯ ಮೇಲೆ ಉದ್ದನೆಯ ಪೆಟ್ಟಿಗೆ. ವಿದ್ಯುತ್ತು ಹುಟ್ಟುವುದು ಆ ಪೆಟ್ಟಿಗೆಯಲ್ಲಿ. ಮಕ್ಕಳು ಅಲ್ಲಿಂದ ನೇರವಾಗಿ ತಮ್ಮ ಮನೆಯ ಬಲ್ಬಿಗೆ ತಂತಿ ಎಳೆಯುವುದುಂಟು. ತಂತಿ ಕಂಬದ ಒಳಗಿನಿಂದ ಕೆಳಗಿಳಿಯುತ್ತದೆ, ಅಲ್ಲಿಂದ ಉಪಕೇಂದ್ರಕ್ಕೆ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಗುಡ್ಡದ ಮೇಲೆ ಅಷ್ಟು ಯಂತ್ರ ತಿರುಗುತ್ತಿದ್ದರೂ ರಾತ್ರಿ ನಮ್ಮೂರಲ್ಲಿ ಕರೆಂಟು ಏಕೆ ಹೋಗುತ್ತದೆ ಎಂದು ಒಂದು ಮಗುವಾದರೂ ಕೇಳದಿರುವುದಿಲ್ಲ. ಚಿತ್ರಕಲೆಯ ಅವಧಿಯಲ್ಲಿ ಬಂದಿತೆಂದು ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ಅಲ್ಲಿ ಹುಟ್ಟಿದ ವಿದ್ಯುತ್ತು ಊರಿಗೆಂದು ಬೇರೆಯಾಗಿ ನಿಲ್ಲದೆ ದೊಡ್ಡ ಜಾಲಕ್ಕೆ ಸೇರಿಹೋಗುತ್ತದೆ ಎಂದು ಉತ್ತರಿಸಿ ಮುಂದುವರಿಯಬೇಕು.

ಯಂತ್ರ ಸದಾ ನಮ್ಮತ್ತ ಮುಖಮಾಡಿರುವುದಿಲ್ಲ. ಓರೆಯಾಗಿ ನಿಂತಾಗ ರೆಕ್ಕೆಗಳ ಸುತ್ತು ವೃತ್ತವಾಗಿ ಕಾಣದು. ಇದನ್ನು ತೋರಿಸಲು ಒಂದು ಬಳೆ ಸಾಕು. ಬಳೆಯನ್ನು ಎದುರಿಗೆ ಹಿಡಿದರೆ ವೃತ್ತ. ಮೆಲ್ಲಗೆ ತಿರುಗಿಸಿದರೆ ಮೊಟ್ಟೆಯಾಕಾರ. ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಒಂದು ಗೆರೆ. ಬಳೆಗೆ ಮೂರು ಕಡೆ ನೂಲು ಕಟ್ಟಿ ಗುರುತು ಮಾಡಿದರೆ, ಓರೆಯಾದಾಗ ರೆಕ್ಕೆಗಳ ಉದ್ದ ಹೇಗೆ ಬೇರೆ ಬೇರೆಯಾಗಿ ಕಾಣುತ್ತದೆಂಬುದೂ ತಿಳಿಯುತ್ತದೆ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಉಳಿದೇ ಇದೆ: ತಿರುಗುತ್ತಿದೆ ಎಂದು ತೋರಿಸುವುದು ಹೇಗೆ? ನಿಂತ ಯಂತ್ರಕ್ಕೂ ಓಡುವ ಯಂತ್ರಕ್ಕೂ ಗೆರೆಯಲ್ಲಿ ವ್ಯತ್ಯಾಸವಿಲ್ಲ. ಕೆಲವರು ರೆಕ್ಕೆಯ ಹಿಂದೆ ಬಿಲ್ಲಿನಂಥ ಗೆರೆಗಳನ್ನು ಎಳೆಯುತ್ತಾರೆ, ಕೆಲವರು ಬೆರಳಿನಿಂದ ಪೆನ್ಸಿಲಿನ ಕಪ್ಪನ್ನು ಸವರುತ್ತಾರೆ. ಎರಡೂ ಸರಿ. ಆದರೆ ಇಡೀ ತರಗತಿ ಸೇರಿ ಮಾಡಬಹುದಾದ ಒಂದು ಉಪಾಯವಿದೆ. ಅಂಗೈಯಗಲದ 12 ದಪ್ಪ ಹಾಳೆಗಳು ಬೇಕು. ರಟ್ಟಿನಲ್ಲಿ ಮೂರು ರೆಕ್ಕೆಯ ಅಚ್ಚು ಕತ್ತರಿಸಿ, ಪ್ರತಿ ಹಾಳೆಯ ಅದೇ ಜಾಗದಲ್ಲಿ ಗುಂಡುಸೂಜಿಯಿಂದ ಚುಚ್ಚಿ ಸುತ್ತಲೂ ಗೆರೆ ಎಳೆಯುವುದು. ಒಂದು ಹಾಳೆಯಿಂದ ಮುಂದಿನದಕ್ಕೆ ಕೋನಮಾಪಕ ಹಿಡಿದು ಅಚ್ಚನ್ನು 10 ಅಂಶದಷ್ಟು ತಿರುಗಿಸುವುದು. ಹನ್ನೆರಡು ಹಾಳೆಗೆ 120 ಅಂಶ. ಆ ಹೊತ್ತಿಗೆ ಒಂದು ರೆಕ್ಕೆ ಇನ್ನೊಂದರ ಜಾಗಕ್ಕೆ ಬಂದಿರುತ್ತದೆ, ಅಂದರೆ ಹದಿಮೂರನೆಯ ಚಿತ್ರ ಮೊದಲನೆಯದೇ. ಹಾಳೆಗಳನ್ನು ಹೊಲಿದು ಹೆಬ್ಬೆರಳಿನಿಂದ ಸರಸರನೆ ಬಿಟ್ಟರೆ ಯಂತ್ರ ತಿರುಗುತ್ತದೆ, ಕೊನೆಯಿಂದ ಮತ್ತೆ ಮೊದಲಿಗೆ ಬಂದರೂ ಎಲ್ಲಿಯೂ ಎಡವುವುದಿಲ್ಲ.

ಯಾರಾದರೂ ಅವಸರದಲ್ಲಿ 10ರ ಬದಲು 60 ಅಂಶ ತಿರುಗಿಸಿದರೆ ಯಂತ್ರ ಯಾವ ಕಡೆಗೆ ತಿರುಗುತ್ತಿದೆಯೆಂದೇ ಹೇಳಲಾಗದು. 110 ಅಂಶ ತಿರುಗಿಸಿದರಂತೂ ಅದು ಹಿಂದಕ್ಕೆ ತಿರುಗುವಂತೆ ಕಾಣುತ್ತದೆ. ಮೂರೂ ರೆಕ್ಕೆ ಒಂದೇ ರೂಪದವಾದ್ದರಿಂದ ಕಣ್ಣು ಹತ್ತಿರದ ರೆಕ್ಕೆಯನ್ನೇ ಹಿಡಿಯುತ್ತದೆ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಬಂಡಿಯ ಚಕ್ರ ಹಿಂದಕ್ಕೆ ಉರುಳುವಂತೆ ತೋರುವುದೂ ಇದೇ ಕಾರಣಕ್ಕೆ. ಇಂಥ ತಪ್ಪಿನ ಪುಸ್ತಕವನ್ನು ಹರಿದುಹಾಕದೆ ಸರಿಯಾದುದರ ಪಕ್ಕದಲ್ಲಿಯೇ ಇಟ್ಟುಕೊಳ್ಳಬೇಕು.

ಕಾಸರಗೋಡು, ತಾಳವಾಡಿಗಳ ಕನ್ನಡ ಶಾಲೆಯ ಮಕ್ಕಳಿಗೆ ಕಿಟಕಿಯಾಚೆ ಈ ಯಂತ್ರ ಕಾಣಸಿಗದು. ಅವರಿಗೆ ನಾಲ್ಕು ರೆಕ್ಕೆಯ ಪುಸ್ತಕವೇ ಗತಿ ಎನ್ನಬೇಕಾಗಿಲ್ಲ. ತೆಂಗಿನ ಗರಿಯ ಗಿರಗಿಟ್ಲೆ ಇದೆ. ಎರಡು ಎಸಳನ್ನು ಮಡಿಸಿ ಒಂದರೊಳಗೊಂದು ತೂರಿಸಿ, ನಡುವೆ ಕಡ್ಡಿ ಚುಚ್ಚಿ ಗದ್ದೆಯ ಬದುವಿನಲ್ಲಿ ಓಡುವಾಗ ಅದು ತಿರುಗುವುದೇಕೆ? ಗಾಳಿಗೆ ಎಸಳು ಓರೆಯಾಗಿ ಎದುರಾಗುವುದರಿಂದ. ಜಾತ್ರೆಯ ಕಾಗದದ ಗಿರಗಿಟ್ಲೆಯಲ್ಲಿ ಮೂಲೆಗಳನ್ನು ಮಡಚಿರುವುದೂ ಅದಕ್ಕೇ. ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಬಿಚ್ಚಿ ನೋಡಿ ಬರೆದ ಮಗು ಮುಂದೊಂದು ದಿನ ರೈಲಿನ ಕಿಟಕಿಯಿಂದ ದೊಡ್ಡ ಯಂತ್ರವನ್ನು ಕಂಡಾಗ ಅದರ ರೆಕ್ಕೆಯ ತಿರುಚನ್ನು ಮೊದಲು ಗುರುತಿಸುತ್ತದೆ.

ಮನೆಯಲ್ಲಿ ಪಾಲಕರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಚಿತ್ರ ತಂದು ತೋರಿಸಿದಾಗ “ಚೆನ್ನಾಗಿದೆ” ಎಂದು ಬದಿಗಿಡುವ ಬದಲು “ಇದು ಯಾವ ಗುಡ್ಡದ್ದು? ಬೆಳಗ್ಗೆಯೋ ಸಂಜೆಯೋ?” ಎಂದು ಕೇಳಿದರೆ ಸಾಕು. ಕೇಳಿದ ಮರುದಿನ ಮಗು ಮತ್ತೆ ಗುಡ್ಡದತ್ತ ನೋಡಿರುತ್ತದೆ. ಯಂತ್ರಕ್ಕೆಂದು ಕಡಿದ ಕೆಂಪು ಮಣ್ಣಿನ ದಾರಿ, ಬೇಲಿ, ದಾರಿ ಬದಲಿಸಿದ ಕುರಿಹಿಂಡು, ರಾತ್ರಿ ಪೆಟ್ಟಿಗೆಯ ಮೇಲೆ ಮಿನುಗುವ ಕೆಂಪು ದೀಪ, ಒಂದೊಂದಾಗಿ ಹಾಳೆಗೆ ಬರತೊಡಗುತ್ತವೆ. ಯಾವ ಪುಸ್ತಕದಲ್ಲಿಯೂ ಇಲ್ಲದ ವಿವರಗಳು ಅವು.

ಸಂಜೆಯದೆಂದು ಹೇಳಿದ ಮಗು ನೆರಳನ್ನೂ ಬರೆಯಬೇಕಲ್ಲ. ಸೂರ್ಯ ಮುಳುಗಲು ಇನ್ನೊಂದು ಗಂಟೆ ಇರುವಾಗ 80 ಮೀಟರಿನ ಕಂಬದ ನೆರಳು ಸಮತಟ್ಟು ನೆಲದ ಮೇಲೆ 300 ಮೀಟರಿಗೂ ಉದ್ದವಾಗಿ ಮೂಡಣಕ್ಕೆ ಚಾಚಿಕೊಳ್ಳುತ್ತದೆ. ಅದರ ತುದಿಯಲ್ಲಿ ಮೂರು ರೆಕ್ಕೆಗಳ ನೆರಳು ಜೋಳದ ಹೊಲವನ್ನೂ ಕಾಲುದಾರಿಯನ್ನೂ ಮತ್ತೆ ಮತ್ತೆ ದಾಟುತ್ತಿರುತ್ತದೆ. ಹಾಳೆಯ ಅಳತೆಯಲ್ಲಿ ಕಂಬದ ನೆರಳೊಂದೇ 60 ಸೆಂಟಿಮೀಟರ್. ಇನ್ನೆರಡು ಹಾಳೆಗಳನ್ನು ಉದ್ದಕ್ಕೆ ಅಂಟಿಸಿಕೊಡಬೇಕಾಗುತ್ತದೆ.